ಪಿನ್ನು ಕೂತಿತು, ಮಾತು ನಿಂತಿತು

ಜೂನ್ ೨, ಸೋಮವಾರ

ಒಂದು ಮನೆಯಲ್ಲಿ ಎಷ್ಟು ಚಾರ್ಜರ್ ಇರುತ್ತವೆ ಎನ್ನುವುದು ಮನೆ ಬದಲಾಯಿಸಿದವರಿಗೆ ಮಾತ್ರ ಗೊತ್ತು. ನಮ್ಮಲ್ಲಿ ಇಪ್ಪತ್ಮೂರು. ನಾವಿರುವುದು ಮೂರು ಜನ. ಆ ಮೂವರಲ್ಲಿ ಒಬ್ಬ, ಅಂದರೆ ನನ್ನ ಗಂಡ, ಸಾಮಾನು ಇಳಿಸಿದ ಮರುದಿನವೇ ಇನ್ನೊಂದು ಊರಿನ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸವಿದೆ ಎಂದು ಮೂರು ವಾರಕ್ಕೆ ಹೊರಟುಹೋದ. ಹೋಗುವ ಮುಂಚೆ ಮಾಡಿದ ದೊಡ್ಡ ಉಪಕಾರವೆಂದರೆ, ಇದ್ದಬದ್ದ ಚಾರ್ಜರುಗಳನ್ನೆಲ್ಲ ಒಂದೇ ಚೀಲಕ್ಕೆ ತುರುಕಿ, "ಎಲ್ಲಾ ಒಂದೇ ಕಡೆ ಇದ್ರೆ ಹುಡುಕೋದು ಸುಲಭ" ಎಂದದ್ದು. ಚೀಲ ಬಿಚ್ಚಿ ನೋಡಿದೆ. ಒಂದು ವೈರು ಎಳೆದರೆ ಒಂಬತ್ತು ಎದ್ದು ಬಂದವು.

ಈಗ ಮನೆಯಲ್ಲಿ ಉಳಿದವರು ನಾನು ಮತ್ತು ಮಾವನವರು. ಮದುವೆಯಾಗಿ ಎಂಟು ವರ್ಷವಾದರೂ ನಾವಿಬ್ಬರು ನೇರವಾಗಿ ಮಾತಾಡಿದ್ದು ಕಡಿಮೆ. ಅವರು ಮಗನಿಗೆ ಹೇಳುವುದು, ಮಗ ಅದಕ್ಕೆ ಸ್ವಲ್ಪ ಸಕ್ಕರೆ ಬೆರೆಸಿ ನನಗೆ ಹೇಳುವುದು, ಹೀಗೆ ನಡೆದುಕೊಂಡು ಬಂದಿತ್ತು. ಈಗ ಸಕ್ಕರೆ ಬೆರೆಸುವವನು ಊರಲ್ಲಿಲ್ಲ.

ಮಾವನವರು ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಎಂಟು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಧ್ವನಿಪೆಟ್ಟಿಗೆ ತೆಗೆದರು. ಅಂದಿನಿಂದ ನಮ್ಮ ಜೊತೆಗಿದ್ದಾರೆ. ಕುತ್ತಿಗೆಗೆ ಒಂದು ಯಂತ್ರ ಒತ್ತಿ ಹಿಡಿದು ಬಾಯಿ ಆಡಿಸುತ್ತಾರೆ, ಯಂತ್ರ ಗುಂಯ್ ಎನ್ನುತ್ತಾ ಮಾತಿಗೆ ದನಿ ಕೊಡುತ್ತದೆ. ನೋಡಲು ಟಾರ್ಚಿನ ಹಾಗಿರುವುದರಿಂದ ಮನೆಯಲ್ಲಿ ಅದಕ್ಕೆ ಟಾರ್ಚು ಎಂದೇ ಹೆಸರು. ಅದಕ್ಕೆ ಏರಿಳಿತ ಗೊತ್ತಿಲ್ಲ. "ಚಹಾ ಚೆನ್ನಾಗಿದೆ" ಎಂದರೂ "ಮನೆಗೆ ಬೆಂಕಿ ಬಿದ್ದಿದೆ" ಎಂದರೂ ಒಂದೇ ರಾಗ. ಚಹಾದ ಮಾತು ಉದಾಹರಣೆಗೆ ಬರೆದೆ. ಕಿವಿಯಾರೆ ಇನ್ನೂ ಕೇಳಿಲ್ಲ.

ಇಂದು ಕೇಳಿದ್ದು ಇಷ್ಟು. ಈ ಮನೆಯ ಮೆಟ್ಟಿಲು ಹದಿನೇಳು, ಹಳೆಯದರಲ್ಲಿ ಹದಿನಾಲ್ಕು ಇತ್ತು. ಹಾಲಿನ ಪಾತ್ರೆಗೆ ಮುಚ್ಚಳ ಹಾಕಿಲ್ಲ. ಚಿಲಕ ಹಾಕುವಾಗ ಬೀದಿಗೆಲ್ಲ ಕೇಳುತ್ತದೆ. ಅವರ ಕೋಣೆಯ ಕಿಟಕಿ ತೆರೆದರೆ ಪಕ್ಕದವರ ಗೋಡೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಮನೆ ತುಂಬ ಬೆಳ್ಳಿಯೇ.

ಜೂನ್ ೪, ಬುಧವಾರ

ರಜೆ ಹಾಕಿ ಚೀಲದ ಮುಂದೆ ಕೂತೆ.

ಹದಿನಾಲ್ಕು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು ನಾನು. ಒಂದೇ ಒಂದು ತಪ್ಪು ಮಾತ್ರೆ ನನ್ನ ಕೈಯಿಂದ ಹೊರಗೆ ಹೋಗಿಲ್ಲ. ಡಾಕ್ಟರುಗಳ ಕೈಬರಹ ಓದಿ ಬದುಕಿದವಳಿಗೆ ಚಾರ್ಜರ್ ಯಾವ ಲೆಕ್ಕ? ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬರೆದುಕೊಟ್ಟ ಕಂಪನಿಯ ಮಾತ್ರೆ ಇಲ್ಲದಿದ್ದರೆ, ಅದೇ ಔಷಧಿ ಅಷ್ಟೇ ಶಕ್ತಿಯದು ಬೇರೆ ಕಂಪನಿಯದಿದ್ದರೆ, ಡಾಕ್ಟರನ್ನು ಕೇಳಿ ಕೊಡುತ್ತೇವೆ. ಚಾರ್ಜರಿನ ಬೆನ್ನಿನ ಮೇಲೂ ಹಾಗೆಯೇ ಬರೆದಿರುತ್ತದೆ, ಇಷ್ಟು ವೋಲ್ಟು, ಇಷ್ಟು ಆಂಪಿಯರ್. ನೋಡುವುದು, ಹೊಂದಿಸುವುದು, ಚೀಟಿ ಅಂಟಿಸುವುದು. ಮಧ್ಯಾಹ್ನದ ಹೊತ್ತಿಗೆ ಫೋನುಗಳದು, ಲ್ಯಾಪ್‌ಟಾಪಿನದು, ಗಡ್ಡ ಬೋಳಿಸುವ ಯಂತ್ರದ್ದು, ರಕ್ತದೊತ್ತಡ ನೋಡುವ ಯಂತ್ರದ್ದು, ಗಂಡ ಕಲಿಯುತ್ತೇನೆಂದು ತಂದು ಮೂರೇ ದಿನ ನುಡಿಸಿದ ಕೀಬೋರ್ಡಿನದು, ಎಲ್ಲ ಸಾಲಾಗಿ ನಿಂತವು. ಆರು ಚಾರ್ಜರುಗಳಿಗೆ ಹಿಂದುಮುಂದು ಯಾರೂ ಇಲ್ಲ. ಅವನ್ನು ಬೇರೆ ಡಬ್ಬಿಗೆ ಹಾಕಿ "ಅನಾಥರು" ಎಂದು ಬರೆದೆ.

ಒಂದೇ ತೊಡಕು. ಟಾರ್ಚನ್ನು ನಿಲ್ಲಿಸಿ ಚಾರ್ಜ್ ಮಾಡುವ ಸ್ಟ್ಯಾಂಡ್ ಇದೆ, ಅದರ ಚಾರ್ಜರ್ ಇಲ್ಲ. ಲಾರಿಯಲ್ಲೋ ಮೆಟ್ಟಿಲಲ್ಲೋ ಬಿದ್ದುಹೋಗಿದೆ. ಸ್ಟ್ಯಾಂಡ್ ಮಗುಚಿ ನೋಡಿದೆ: ಒಂಬತ್ತು ವೋಲ್ಟು. ಪಕ್ಕದಲ್ಲಿ ಒಂದು ಚುಕ್ಕೆ, ಅದರ ಸುತ್ತ ಅರ್ಧ ಬಳೆ, ಎರಡು ಗೆರೆ, ಕಂಪನಿಯ ಗುರುತಿರಬೇಕು. ಕೀಬೋರ್ಡಿನ ಚಾರ್ಜರ್ ನೋಡಿದೆ: ಅದೂ ಒಂಬತ್ತು ವೋಲ್ಟು! ಪಿನ್ನು ಹೇಳಿ ಮಾಡಿಸಿದ ಹಾಗೆ ಗಟ್ಟಿಯಾಗಿ ಕೂತಿತು. ಚೀಟಿ ಅಂಟಿಸಿದೆ: "ಮಾವನವರ ಟಾರ್ಚು. ದಿನಕ್ಕೊಮ್ಮೆ, ಊಟದ ನಂತರ."

ಮಾವನವರು ಬಂದು ಸಾಲು ನೋಡಿದರು. ಟಾರ್ಚು ಒತ್ತಿ, "ಎರಡನೇ ಚೀಟಿ ಸೊಟ್ಟ ಅಂಟಿದೆ" ಎಂದರು.

ಜೂನ್ ೫, ಗುರುವಾರ

ಬೆಳಿಗ್ಗೆ ಟಾರ್ಚು ಎರಡೇ ಮಾತು ಆಡಿ ಸುಮ್ಮನಾಯಿತು. ಮೊದಲನೆಯದು "ಏನೋ". ಎರಡನೆಯದು "ಸುಟ್ಟ ವಾಸನೆ".

ಸ್ಟ್ಯಾಂಡ್ ಬೆಚ್ಚಗಿತ್ತು. ಹಸಿರು ದೀಪ ಸತ್ತಿತ್ತು. ಮಾವನವರು ಮುಖ ತೊಳೆಯಲು ಹೋದಾಗ ಚೀಟಿ ಕಿತ್ತು ಚಾರ್ಜರನ್ನು ಚೀಲದ ತಳಕ್ಕೆ ಹಾಕಿದೆ. ಅವರು ಬಂದ ಮೇಲೆ, "ಈ ಮನೆ ಕರೆಂಟೇ ಸರಿ ಇಲ್ಲ ಮಾವ, ಒಂದ್ಸಲ ಜಾಸ್ತಿ ಬರುತ್ತೆ, ಒಂದ್ಸಲ ಕಡಿಮೆ ಬರುತ್ತೆ" ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ಪಾಪ ಕರೆಂಟು.

ಹೇಳಿಬಿಡಬಹುದಿತ್ತು. ಆದರೆ ಮುಚ್ಚಳವಿಲ್ಲದ ಪಾತ್ರೆಯನ್ನೇ ಬಿಡದವರು ಇದನ್ನು ಬಿಡುತ್ತಾರೆಯೇ? ಸಾಯುವವರೆಗೂ ಹೇಳಿಯಾರು. ಒಂದೇ ರಾಗದಲ್ಲಿ.

ಜೂನ್ ೭, ಶನಿವಾರ

ಟಾರ್ಚಿನ ಕಂಪನಿಗೆ ಫೋನು ಮಾಡಿದೆ. ಹೊಸ ಸ್ಟ್ಯಾಂಡ್ ಬರಲು ಮೂರು ವಾರ.

ಸುಳ್ಳೇಕೆ ಬರೆಯಲಿ, ಮೊದಲ ದಿನ ಸ್ವರ್ಗ. ಪಾತ್ರೆ ತೆರೆದಿಟ್ಟೆ, ಚಿಲಕ ಧಡಾರೆಂದು ಹಾಕಿದೆ, ಕೇಳುವವರಿಲ್ಲ. ಎರಡನೆಯ ದಿನ ಚೀಟಿಗಳು ಶುರುವಾದವು. ಎದೆಯುರಿ ಮಾತ್ರೆಯ ಕಂಪನಿಯವರು ಅಂಗಡಿಗೆ ಕೊಡುವ ಪುಟ್ಟ ಪುಸ್ತಕಗಳು ಮನೆಯಲ್ಲಿ ರಾಶಿ ಬಿದ್ದಿವೆ. ಅದರ ಒಂದೊಂದು ಹಾಳೆಯಲ್ಲಿ ಒಂದೊಂದು ಆಜ್ಞೆ. ಮೇಲೆ "ಉರಿಗೆ ವಿದಾಯ" ಎಂಬ ಜಾಹೀರಾತು, ಕೆಳಗೆ ಮಾವನವರ ಅಕ್ಷರದಲ್ಲಿ "ಉಪ್ಪು". ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಬರೆದಿಲ್ಲ. ಕೇಳಿದರೆ ಇನ್ನೊಂದು ಹಾಳೆಯಲ್ಲಿ ಮೇಲ್ಮುಖದ ಬಾಣ. ಹೆಚ್ಚಾಗಿದೆ ಎಂದೋ, ಇನ್ನೂ ಹಾಕು ಎಂದೋ?

ಜೊತೆಗೆ ಚಮಚ. ಲೋಟಕ್ಕೆ ಒಂದು ಸಲ ಬಡಿದರೆ "ಬಾ". ಎರಡು ಸಲ ಬಡಿದರೆ "ಅಲ್ಲ". ಮೂರು ಸಲ ಬಡಿದರೆ "ಅಲ್ಲ ಅಂದೆನಲ್ಲ". ಬಾಯಿ ಮುಚ್ಚಿಸಲು ಹೋಗಿ ಲೋಟದ ಬಾಯಿ ತೆರೆಸಿದ ಹಾಗಾಯಿತು. ಬಾಯಿ ಮುಚ್ಚಿಸಲು ಹೋದೆ ಎಂದೇಕೆ ಬರೆದೆನೋ, ನಾನು ಬೇಕೆಂದು ಮಾಡಿದ್ದಲ್ಲ.

ಜೂನ್ ೮, ಭಾನುವಾರ

ಪ್ರತಿ ಭಾನುವಾರ ಹತ್ತು ಗಂಟೆಗೆ ಮಾವನವರು ತಂಗಿಗೆ ಫೋನು ಮಾಡುತ್ತಾರೆ. ನನ್ನ ಗಂಡನಿಗೆ ಸೋದರತ್ತೆ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಒಬ್ಬರೇ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಬಿಟ್ಟರೆ ಹೆಚ್ಚೇನೂ ಕಾಣದು, ಮೆಸೇಜು ಓದುವ ಮಾತೇ ಇಲ್ಲ. ಮುಂದಿನ ಸೋಮವಾರ, ಹದಿನಾರಕ್ಕೆ, ಬಲಗಣ್ಣಿನ ಆಪರೇಷನ್.

ನಾನು ಬುದ್ಧಿವಂತಿಕೆ ಮಾಡಿದೆ. ಬರೆದದ್ದನ್ನು ಓದಿ ಹೇಳುವ ಒಂದು ಆ್ಯಪ್ ಫೋನಿಗೆ ಹಾಕಿದೆ. ಮಾವನವರು ಬರೆದರು, ನಾನು ಒತ್ತಿದೆ, ವಾರ್ತೆ ಓದುವಂಥ ಹೆಣ್ಣು ದನಿ "ನಮಸ್ಕಾರ. ನಾನು ನಿಮ್ಮ ಅಣ್ಣ" ಎಂದಿತು. "ಏನೂ ಬೇಡಮ್ಮ, ನಮ್ಮನೇಲಿ ಎಲ್ಲಾ ಇದೆ" ಎಂದು ಸೋದರತ್ತೆ ಫೋನಿಟ್ಟರು. ಮತ್ತೆ ಮಾಡಿದೆವು. ಈ ಸಲ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ.

ಮೂರನೆಯ ಸಲ ನಾನೇ ಮಾತಾಡಿ ವಿಷಯ ತಿಳಿಸಿದೆ. ಮಾವನವರು ಬರೆದುಕೊಟ್ಟರೆ ನಾನು ಓದುವುದೆಂದಾಯಿತು. ಮೊದಲ ಚೀಟಿ: "ಟಾರ್ಚು ಕೆಟ್ಟಿದೆ. ಕಾರಣ ಕರೆಂಟು ಎಂದು ಹೇಳಲಾಗಿದೆ." ಆ "ಹೇಳಲಾಗಿದೆ" ನನಗೆ ಹಿಡಿಸಲಿಲ್ಲ. ಓದುವಾಗ ಬಿಟ್ಟೆ. ಚಮಚ ಎರಡು ಸಲ ಬಡಿಯಿತು.

ಸೋದರತ್ತೆಗೆ ಟಾರ್ಚಿನ ಚಿಂತೆಯೇ ಇರಲಿಲ್ಲ. "ಅಣ್ಣ, ನಾನು ಆಪರೇಷನ್ ಮಾಡಿಸ್ಕೊಳಲ್ಲ. ಡಾಕ್ಟರ್ ಕೈ ತಪ್ಪಿದ್ರೆ? ಆ ಕಣ್ಣಿಗೆ ಬದಲು ಈ ಕಣ್ಣಿಗೆ ಮಾಡಿದ್ರೆ?" ಎಂದು ಅಳತೊಡಗಿದರು. ನಾನು ಧೈರ್ಯ ಹೇಳಲು ಹೋದೆ. "ಅತ್ತೆ, ನಾನೂ ಆಸ್ಪತ್ರೆ, ಔಷಧಿ ಅಂತಲೇ ಇರೋಳು. ನಮ್ಮಲ್ಲಿ ತಪ್ಪು ನಡೆಯಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಒಂದೇ ಒಂದು ತಪ್ಪು ಮಾಡಿಲ್ಲ."

"ತಪ್ಪೇ ಮಾಡಲ್ಲ ಅನ್ನೋರನ್ನ ಕಂಡ್ರೆ ನನಗೆ ಇನ್ನೂ ಭಯ ಕಣೇ" ಎಂದರು ಸೋದರತ್ತೆ. "ಅಣ್ಣ ಹೇಳ್ಲಿ, ಆಮೇಲೆ ನೋಡೋಣ."

ಅಣ್ಣ ಹೇಳುವುದು ಹೇಗೆ? ಫೋನಿಟ್ಟ ಮೇಲೆ ಮಾವನವರು ಬರೆದರು: "ಹೋದ ವಾರ ಕುದಿಯುವ ನೀರನ್ನು ಲೋಟದ ಪಕ್ಕಕ್ಕೆ, ಕಾಲ ಮೇಲೆ ಹೊಯ್ದುಕೊಂಡಳು. ಈ ಸಲ ತಪ್ಪಿಸಿದರೆ ಮತ್ತೆ ಒಪ್ಪುವುದಿಲ್ಲ. ಟಾರ್ಚು ಬೇಕು."

ಜೂನ್ ೧೦, ಮಂಗಳವಾರ

ಮಾರುಕಟ್ಟೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಒಬ್ಬ ರಿಪೇರಿಯವನಿದ್ದಾನೆ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುವುದರಿಂದ ಯಾವಾಗಲೂ ಕೂತೇ ಇರುತ್ತಾನೆ. ಸ್ಟ್ಯಾಂಡ್ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, "ಯಾವ ಚಾರ್ಜರ್ ಹಾಕಿದ್ರಿ ಮೇಡಂ?" ಎಂದ.

"ಒಂಬತ್ತು ವೋಲ್ಟಿಂದೇ. ಸರಿಯಾಗಿ ನೋಡೇ ಹಾಕಿದ್ದು."

"ನಂಬರ್ ನೋಡಿದ್ರಿ. ಚಿತ್ರ ನೋಡಿದ್ರಾ?"

ನಾನು ಕಂಪನಿಯ ಗುರುತೆಂದುಕೊಂಡಿದ್ದ ಆ ಚುಕ್ಕೆ ಮತ್ತು ಅರ್ಧ ಬಳೆ! ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಚಿತ್ರವಂತೆ ಅದು. ಸ್ಟ್ಯಾಂಡಿಗೆ ನಡುವೆ ಪ್ಲಸ್ ಬೇಕು. ಕೀಬೋರ್ಡಿನ ಚಾರ್ಜರಿಗೆ ನಡುವೆ ಮೈನಸ್. ವೋಲ್ಟು ಒಂದೇ, ಪಿನ್ನು ಒಂದೇ, ಹರಿಯುವುದು ಮಾತ್ರ ತಿರುಗುಮುರುಗು.

"ಮೆಡಿಕಲ್ ಸ್ಟೋರ್ ಮೇಡಂ ಅಲ್ವಾ ನೀವು? ಔಷಧಿ ಸರಿಯಾಗೇ ಕೊಟ್ಟಿದ್ದೀರಿ. ಕಿವಿಗೆ ಬಿಡೋದನ್ನ ಕಣ್ಣಿಗೆ ಬಿಟ್ಟಿದ್ದೀರಿ, ಅಷ್ಟೇ" ಎಂದ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅದೃಷ್ಟಕ್ಕೆ ಟಾರ್ಚಿಗೆ ಏನೂ ಆಗಿಲ್ಲವಂತೆ. ಸ್ಟ್ಯಾಂಡಿನೊಳಗೆ ಎಳ್ಳುಕಾಳಿನಷ್ಟು ದೊಡ್ಡ ಒಂದು ಡಯೋಡು, ತಪ್ಪು ದಿಕ್ಕಿನ ಕರೆಂಟಿಗೆ ಅಡ್ಡ ನಿಂತು ಸುಟ್ಟುಹೋಗಿದೆ. ಅಂಥದೇ ತರಿಸಬೇಕು, ಶನಿವಾರ ಬರುತ್ತದೆ. ಅಲ್ಲಿಯತನಕ ಟಾರ್ಚಿಗೆ ನೇರವಾಗಿ ಕರೆಂಟು ಕೊಡಲು ಬರುವುದಿಲ್ಲವೇ ಎಂದೆ. "ಒಬ್ಬರ ಬಾಯಿ ಅದು ಮೇಡಂ, ಅದರ ಮೇಲೆ ಪ್ರಯೋಗ ಮಾಡಲ್ಲ" ಎಂದ.

ಹೊರಡುವಾಗ, "ನಮ್ಮನೆಯವರು ಯಾರಾದ್ರೂ ಫೋನ್ ಮಾಡಿದ್ರೆ ಕರೆಂಟು ಹೆಚ್ಚುಕಡಿಮೆ ಆಗಿ ಹೋಗಿದೆ ಅಂತೀರಾ?" ಎಂದು ಕೇಳಿದೆ.

"ನಾನು ಸುಳ್ಳು ಹೇಳಲ್ಲ ಮೇಡಂ. ಫೋನೇ ಎತ್ತಲ್ಲ" ಎಂದ.

ಜೂನ್ ೧೧, ಬುಧವಾರ

ಇಪ್ಪತ್ಮೂರನ್ನೂ ಮತ್ತೆ ಹರಡಿಕೊಂಡು ಚಿತ್ರ ನೋಡಿದೆ. ಇನ್ನೂ ಒಂದು ತಪ್ಪಿತ್ತು. ರಕ್ತದೊತ್ತಡದ ಯಂತ್ರ ಸ್ವಲ್ಪದರಲ್ಲಿ ಉಳಿಯಿತು.

ಅಂಗಡಿಯಲ್ಲಿಯೂ ಇಂದು ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಕೊಟ್ಟೆ. ಕೆಮ್ಮಿನ ಔಷಧಿಗೆ ಬಂದವರು ಕಾದು ಕಾದು ಕೆಮ್ಮು ವಾಸಿಯಾಗಿ ಹೋದರು ಎಂದು ಮಾಲೀಕರು ಹಂಗಿಸಿದರು.

ಜೂನ್ ೧೩, ಶುಕ್ರವಾರ

ಸೋದರತ್ತೆ ಇಂದು ತಾವೇ ಫೋನು ಮಾಡಿದರು. ಆಪರೇಷನ್ ಬೇಡವೇ ಬೇಡವಂತೆ, ಆಸ್ಪತ್ರೆಗೆ ಹೇಳಿಬಿಡುತ್ತಾರಂತೆ. ಮಾವನವರ ಪೆನ್ನಿನಿಂದ ಹೊಗೆ ಬರುವುದೊಂದು ಬಾಕಿ. ಮೊದಲ ಚೀಟಿ: "ಮೂರ್ಖಿ, ಸುಮ್ಮನೆ ಹೋಗಿ ಮಲಗು. ಕತ್ತರಿ ಹಿಡಿಯುವುದು ಡಾಕ್ಟರು, ನೀನಲ್ಲ."

ಅಳುತ್ತಿರುವವರಿಗೆ ಇದನ್ನು ಓದಿ ಹೇಳುವುದೇ? "ಹೆದರ್ಕೋಬೇಡಮ್ಮ, ಡಾಕ್ಟ್ರು ಚೆನ್ನಾಗಿ ನೋಡ್ಕೋತಾರೆ" ಎಂದು ಓದಿದೆ. ಟಕ್ ಟಕ್.

"ಅದೇನೇ ಸದ್ದು?"

"ನಿಮ್ಮಣ್ಣ ಹೌದು ಹೌದು ಅಂತಿದಾರೆ ಅತ್ತೆ."

ಟಕ್ ಟಕ್ ಟಕ್.

ಎರಡನೆಯ ಚೀಟಿ: "ನಿನ್ನ ಹಟದಿಂದಲೇ ಅಮ್ಮನ ಅರ್ಧ ಆಯಸ್ಸು ಹೋಯಿತು." ನಾನು ಓದಿದ್ದು: "ಅಮ್ಮನಿಗೂ ನೀನಂದ್ರೆ ಬಹಳ ಪ್ರೀತಿ ಇತ್ತು." ಮೂರನೆಯದು: "ನೀನು ಬಿದ್ದು ಕಾಲು ಮುರಿದುಕೊಂಡರೆ ನೋಡಲು ನಾನು ಬರುವುದಿಲ್ಲ." ನಾನು ಓದಿದ್ದು: "ನೀನು ಎಲ್ಲಿ ಬೀಳ್ತೀಯೋ ಅಂತ ನನಗೆ ದಿನಾ ಯೋಚನೆ." ಆ ಹೊತ್ತಿಗೆ ಮಾವ ಎರಡು ಚಮಚ ಹಿಡಿದಿದ್ದರು.

ಅತ್ತ ಕಡೆ ಸೋದರತ್ತೆ ಮೂಗು ಒರೆಸಿಕೊಂಡು, "ಅರವತ್ತು ವರ್ಷದಲ್ಲಿ ಅಣ್ಣ ನನ್ನ ಹತ್ರ ಹಿಂಗೆ ಮಾತಾಡಿದ್ದೇ ಇಲ್ಲ ಕಣೇ" ಎಂದರು. ಚಮಚಗಳು ಮೇಜಿನ ಮೇಲೆ ಹಾಗೇ ನಿಂತವು. ಆದರೆ ಆಪರೇಷನ್ನಿಗೆ ಒಪ್ಪಲಿಲ್ಲ. ಭಾನುವಾರ ಮತ್ತೆ ಮಾತಾಡುವ ತನಕ ಆಸ್ಪತ್ರೆಗೆ ಏನೂ ಹೇಳುವುದಿಲ್ಲ ಎಂದಷ್ಟೇ ಮಾತು ಕೊಟ್ಟರು.

ಫೋನಿಟ್ಟ ಮೇಲೆ ಬೈಗುಳದ ಚೀಟಿಗೆ ಕಾದು ಕೂತೆ. ಮಾವ ಮೂರೂ ಚೀಟಿಗಳನ್ನು ಜೋಡಿಸಿ ಇಟ್ಟುಕೊಂಡು ನಗುತ್ತಿದ್ದರು. ದನಿಯಿಲ್ಲದ ನಗು, ಬರೀ ಭುಜ ಅಲುಗುತ್ತದೆ. ಇವರು ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನನಗೂ ನಗು ಬಂದು ಚಹಾ ಚೆಲ್ಲಿದೆ. ಉಳಿದದ್ದನ್ನು ಕುಡಿದು ಒಂದು ಚೀಟಿ ಬರೆದರು: "ಪರವಾಗಿಲ್ಲ." ಚಹಾಕ್ಕೋ ಓದಿದ್ದಕ್ಕೋ ತಿಳಿಯದು. ಚೀಟಿ ಈ ಪುಟದಲ್ಲೇ ಇಟ್ಟಿದ್ದೇನೆ.

ಜೂನ್ ೧೪, ಶನಿವಾರ

ಡಯೋಡು ಬಂತು. ಅಳತೆ ಬೇರೆ. ಸರಿಯಾದದ್ದು ಸೋಮವಾರ ಸಂಜೆಗೆ.

"ಸೋಮವಾರ ಬೆಳಿಗ್ಗೆನೇ ಆಪರೇಷನ್" ಎಂದು ಹೇಳುವಾಗ ಮೆಟ್ಟಿಲ ಕೆಳಗೆ ಅತ್ತುಬಿಟ್ಟೆ. ರಿಪೇರಿಯವನು ಗಾಬರಿಯಾಗಿ ಎದ್ದು ತಲೆ ಹೊಡೆಸಿಕೊಂಡ. ಎಳ್ಳುಕಾಳಿನಷ್ಟು ಸಾಮಾನಿಗೆ ಯಾರೂ ಇಷ್ಟು ಅತ್ತಿರಲಾರರು. ಒಬ್ಬರ ಕಣ್ಣು ಹೋಗುವುದು ನನ್ನ ಕೈಯಿಂದ. ಅವರನ್ನು ಒಪ್ಪಿಸಬಲ್ಲ ಒಂದೇ ಬಾಯಿಯನ್ನು ಮುಚ್ಚಿಸಿದ್ದು ನಾನೇ. ಮನೆಗೆ ಬಂದು ಎರಡು ಸಲ ಮಾವನ ಕೋಣೆಯ ಬಾಗಿಲ ತನಕ ಹೋದೆ. ಎರಡು ಸಲವೂ "ಚಹಾ ಬೇಕಾ ಮಾವ?" ಎಂದು ಕೇಳಿ ಬಂದೆ. ಅವರು ಎರಡು ಸಲವೂ ಕುಡಿದರು.

ಜೂನ್ ೧೫, ಭಾನುವಾರ

ಹತ್ತು ಗಂಟೆಗೆ ಮುಂಚೆಯೇ ಮಾವ ತಮ್ಮ ಕೋಣೆಯಲ್ಲಿ ಕೂತು ಬರೆದು ಮುಗಿಸಿದ್ದರು. ನಾಲ್ಕು ಹಾಳೆ, ಮಗುಚಿ ಇಟ್ಟು ಮೇಲೆ ಕನ್ನಡಕದ ಡಬ್ಬಿ. ಚಮಚ ಇರಲಿಲ್ಲ. ಒಂದೊಂದಾಗಿ ಕೊಡುತ್ತೇನೆ ಎಂದು ಸನ್ನೆ ಮಾಡಿದರು.

ಮೊದಲ ಹಾಳೆಯಲ್ಲಿ ಕ್ಷೇಮ ಸಮಾಚಾರ. ಎರಡನೆಯದರಲ್ಲಿ ಆಪರೇಷನ್ ಎಷ್ಟು ಸುಲಭ, ಯಾರ್ಯಾರು ಮಾಡಿಸಿಕೊಂಡಿದ್ದಾರೆ ಎಂಬ ಪಟ್ಟಿ. ಒಂದಕ್ಷರ ಬದಲಾಯಿಸದೆ ಓದಿದೆ. ಸೋದರತ್ತೆಯದು ಒಂದೇ ಹಟ. "ಕೈ ತಪ್ಪಿದ್ರೆ ಏನ್ ಮಾಡ್ತೀಯ ಅಣ್ಣ? ತಪ್ಪಿತು ಅಂತ ಅವ್ರು ಬಾಯಿ ಬಿಡ್ತಾರಾ? ಮುಚ್ಚಿಟ್ಕೋತಾರೆ. ಬೇಡ. ಸಾಯಂಕಾಲ ಫೋನ್ ಮಾಡಿ ಬರಲ್ಲ ಅಂತೀನಿ."

ಮಾವ ಮೂರನೆಯ ಹಾಳೆ ಕೊಟ್ಟರು. ಓದಲು ಶುರುಮಾಡಿದೆ.

"ತಂಗಿ, ಟಾರ್ಚು ಕೆಟ್ಟದ್ದು ಕರೆಂಟಿನಿಂದಲ್ಲ."

ಅಲ್ಲಿಗೆ ನನ್ನ ದನಿ ನಿಂತಿತು. ಮುಂದಿನದನ್ನು ಕಣ್ಣಿನಲ್ಲಿ ಓದಿದೆ. "ನನ್ನ ಸೊಸೆ ತಪ್ಪು ಚಾರ್ಜರ್ ಹಾಕಿದಳು. ನನಗೆ ಮೊದಲ ದಿನವೇ ಗೊತ್ತು. ಮೂವತ್ತು ವರ್ಷ ಬಸ್ಸು ಹತ್ತಿ ಇಳಿದವನು ನಾನು. ಟಿಕೆಟ್ ಇಲ್ಲದವರು ನನ್ನ ಮುಖ ನೋಡುವುದಿಲ್ಲ, ಕಿಟಕಿಯ ಹೊರಗೆ ನೋಡುತ್ತಾರೆ. ಇವಳು ಹತ್ತು ದಿನದಿಂದ ನನ್ನ ಕೋಣೆಗೆ ಬಂದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಾಳೆ. ಹೊರಗಿರುವುದು ಪಕ್ಕದವರ ಗೋಡೆ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು, ಅದಕ್ಕೆ ಕೇಳಲಿಲ್ಲ."

"ಹಲೋ? ಕರೆಂಟಿಂದ ಅಲ್ದೆ ಮತ್ತೆ ಯಾತರಿಂದಂತೆ?" ಎಂದರು ಸೋದರತ್ತೆ.

ಏನು ಬೇಕಾದರೂ ಹೇಳಬಹುದಿತ್ತು. ಇಲಿ ಕಡಿಯಿತು ಎನ್ನಬಹುದಿತ್ತು. ಶುಕ್ರವಾರ ಮೂರು ಚೀಟಿ ತಿದ್ದಿದವಳಿಗೆ ಇದೊಂದು ಕಷ್ಟವೇ? ತಲೆಯೆತ್ತಿದೆ. ಮಾವ ನನ್ನನ್ನು ನೋಡುತ್ತಿರಲಿಲ್ಲ. ಕುರ್ಚಿ ತಿರುಗಿಸಿಕೊಂಡು ತಾವೇ ಆ ಗೋಡೆ ನೋಡುತ್ತಿದ್ದರು. ಓದಿದರೆ ಓದಲಿ, ಬಿಟ್ಟರೆ ಬಿಡಲಿ ಎಂದು. ಅವರು ಚಮಚ ಬಡಿದಿದ್ದರೆ ನಾನು ಖಂಡಿತ ಸುಳ್ಳು ಹೇಳುತ್ತಿದ್ದೆ.

ಪೂರ್ತಿ ಓದಿದೆ. ಗೋಡೆಯನ್ನೂ ಬಿಡಲಿಲ್ಲ.

"ನಿಜಾನೇನೇ?" ಎಂದರು ಸೋದರತ್ತೆ.

"ನಿಜ ಅತ್ತೆ. ಒಂಬತ್ತು ಅಂತ ಇದ್ದದ್ದು ನೋಡ್ದೆ, ಪಕ್ಕದಲ್ಲಿದ್ದ ಚಿತ್ರ ನೋಡ್ಲಿಲ್ಲ. ಸುಟ್ಟುಹೋಯ್ತು. ಹೇಳೋಕೆ ಭಯ ಆಯ್ತು. ಮುಚ್ಚಿಟ್ಟೆ."

"ಹದಿನಾಲ್ಕು ವರ್ಷ ತಪ್ಪೇ ಮಾಡಿಲ್ಲ ಅಂದ್ಯಲ್ಲ?"

"ಮಾಡಿರ್ಬೇಕು. ಗೊತ್ತಾಗಿಲ್ಲ ಅಷ್ಟೇ."

"ಈಗೇನ್ ಮಾಡ್ತಿದ್ದೀಯ?"

"ಅದನ್ನ ಸರಿ ಮಾಡಿಸೋಕೆ ಓಡಾಡ್ತಿದ್ದೀನಿ. ನಾಳೆ ಸಂಜೆ ಸಿಗುತ್ತೆ. ಈಗ ಮಾತ್ರೆ ಕೊಡುವಾಗ್ಲೂ ಎರಡೆರಡು ಸಲ ನೋಡ್ತೀನಿ. ಬಂದವರೆಲ್ಲ ಬೈತಾರೆ."

ಫೋನಿನಲ್ಲಿ ಏನೋ ಸದ್ದು. ಮತ್ತೆ ಅಳು ಶುರುವಾಯಿತೆಂದುಕೊಂಡೆ. ನಗುತ್ತಿದ್ದರು. "ಅಯ್ಯೋ ನಿನ್ನ! ಅಣ್ಣನ ಬಾಯಿ ಮುಚ್ಚಿಸೋದು ಅಮ್ಮನ ಕೈಲೂ ಆಗಿರ್ಲಿಲ್ಲ ಕಣೇ! ಅದೂ ಹತ್ತು ದಿನ!" ನಗು ನಿಲ್ಲಿಸಿ, ಉಸಿರೆಳೆದುಕೊಂಡು, "ನೋಡು, ನಾಳೆ ನೀನು ಬಾ. ಯಾವ ಕಣ್ಣು ಅಂತ ಆ ಡಾಕ್ಟರಿಗೆ ನೀನೇ ಹೇಳು. ಎರಡೆರಡು ಸಲ ಹೇಳು. ನೀನು ಪಕ್ಕದಲ್ಲಿದ್ರೆ ಹೋಗ್ತೀನಿ" ಎಂದರು.

ನಾನು ಬರುತ್ತೇನೆ ಎಂದೆ. ಫೋನಿಟ್ಟು ನಾಲ್ಕನೆಯ ಹಾಳೆ ಎಲ್ಲಿ ಎಂದು ಮಾವನನ್ನು ಕೇಳಿದೆ. ಕೊಟ್ಟರು. ಅದರಲ್ಲಿ ಇದ್ದದ್ದು ಮೊದಲ ಬಸ್ಸಿನ ವೇಳೆ, ಎಲ್ಲಿ ಇಳಿಯಬೇಕು, ಎಡಗಡೆಯ ಸೀಟಿಗೆ ಬಿಸಿಲು ಬೀಳುವುದಿಲ್ಲ ಎಂಬ ವಿವರ.

ಜೂನ್ ೧೬, ಸೋಮವಾರ

ಆಯಿತು. ಬಲಗಣ್ಣಿಗೇ ಆಯಿತು. ನರ್ಸಿಗೆ ನಾಲ್ಕು ಸಲ ಹೇಳಿದೆ. ಅವಳು ಸೋದರತ್ತೆಯ ಬಲಹುಬ್ಬಿನ ಮೇಲೆ ಗುರುತು ಹಾಕಿ, "ನಿಮ್ಮ ಹಣೆ ಮೇಲೂ ಒಂದು ಹಾಕ್ಲಾ?" ಎಂದಳು. ಹಾಕಿಸಿಕೊಳ್ಳಲು ಸಿದ್ಧವಾಗಿದ್ದೆ. ಅತ್ತೆಯನ್ನು ನಮ್ಮ ಮನೆಗೇ ಕರೆತಂದೆ, ಹನಿ ಹಾಕುವುದು ನನ್ನ ಕೆಲಸ. ದಾರಿಯಲ್ಲಿ ಸ್ಟ್ಯಾಂಡ್ ಸಿಕ್ಕಿತು, ಜೊತೆಗೆ ನಡುವೆ ಪ್ಲಸ್ ಇರುವ ಚಾರ್ಜರ್. ಚಿತ್ರ ನಾನು ನೋಡಿದೆ, ರಿಪೇರಿಯವನು ನೋಡಿದ, ಕಾಣದಿದ್ದರೂ ಅತ್ತೆಯೂ ಕೈಯಲ್ಲಿ ಹಿಡಿದು ನೋಡಿದರು. ಹಸಿರು ದೀಪ ಬಂತು. ಟಾರ್ಚು ತುಂಬುತ್ತಿದೆ.

ಜೂನ್ ೧೭, ಮಂಗಳವಾರ

ಬೆಳಿಗ್ಗೆ ಅತ್ತೆಯ ಕಣ್ಣಿನ ಪಟ್ಟಿ ತೆಗೆದೆ. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಸೊರಗಿದ್ದೀಯೋ ಅಣ್ಣ!" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತು, "ಈಗ ಮಾತಾಡು. ಶುಕ್ರವಾರ ಮಾತಾಡಿದ್ಯಲ್ಲ, ಹಾಗೆ ಮಾತಾಡು" ಎಂದರು.

ಮಾವ ಟಾರ್ಚು ಕತ್ತಿಗೆ ಇಟ್ಟರು. ಟಾರ್ಚು ಗುಂಯ್ ಎಂದಿತು. ಬಾಯಿ ಆಡಲಿಲ್ಲ. "ಬಂದೆ" ಎಂದಷ್ಟೇ ಹೇಳಿ ಎದ್ದು ಅಡುಗೆಮನೆಗೆ ಬಂದರು. ಹಾಲಿನ ಪಾತ್ರೆ ತೆರೆದೇ ಇತ್ತು, ನೋಡಿಯೂ ಏನೂ ಅನ್ನಲಿಲ್ಲ.

"ಶುಕ್ರವಾರ ನೀನು ಏನೇನು ಓದಿದೆ?" ಎಂದರು, ಅದೇ ಒಂದೇ ರಾಗದಲ್ಲಿ. "ಆ ಮನುಷ್ಯ ನಾನಲ್ಲ. ಅವಳು ಅವನನ್ನೇ ಕೇಳ್ತಿದಾಳೆ. ಎಲ್ಲಿಂದ ತರ್ಲಿ?"

ಒಲೆ ಸಣ್ಣ ಮಾಡಿ, ಎದೆಯುರಿ ಪುಸ್ತಕದ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆದುಕೊಟ್ಟೆ. ದೊಡ್ಡ ಅಕ್ಷರದಲ್ಲಿ ಬರೆ ಎಂದರು, ದೊಡ್ಡದಾಗಿ ಬರೆದೆ. ಹೋದರು. ಒಳಗಿನಿಂದ ಕೇಳುತ್ತಿತ್ತು. ಟಾರ್ಚು ಬಸ್ಸಿನ ನಿಲ್ದಾಣಗಳ ಹೆಸರು ಕೂಗುವಂತೆ, "ನೀನು ಎಲ್ಲಿ ಬೀಳ್ತೀಯೋ ಅಂತ ನನಗೆ ದಿನಾ ಯೋಚನೆ" ಎಂದಿತು. "ಅಮ್ಮನಿಗೂ ನೀನಂದ್ರೆ ಬಹಳ ಪ್ರೀತಿ ಇತ್ತು" ಎಂದಿತು. ಅತ್ತೆ ಬಿಕ್ಕಿದರು.

"ಅಳಬಾರ್ದು ಅತ್ತೆ! ಹೊಸ ಕಣ್ಣು! ಡಾಕ್ಟ್ರು ಹೇಳಿದಾರೆ!" ಎಂದು ಸೌಟು ಹಿಡಿದೇ ಕೂಗಿದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನಿಯ ಸೀಸೆ ತೆಗೆದುಕೊಂಡು ಬಾಗಿಲಿಗೆ ಹೋಗಿ ನೋಡಿದರೆ ನನ್ನ ಹಾಳೆ ನೆಲದ ಮೇಲೆ ಬಿದ್ದಿತ್ತು, ಟಾರ್ಚು ಇನ್ನೂ ಮಾತಾಡುತ್ತಲೇ ಇತ್ತು. ಈಗ ಆಡುತ್ತಿದ್ದುದರಲ್ಲಿ ನಾನು ಬರೆದುಕೊಟ್ಟ ಮಾತು ಒಂದೂ ಇರಲಿಲ್ಲ.